487 ಅಲ್ಲ, 458: ಟೂಲ್ ಆಯುಷ್ಯದಿಂದ ವೇಗ ಹುಡುಕಿದ ಕಥೆ

ನಿನ್ನೆ ರಾತ್ರಿ 24ನೇ ಕಂಬ ಲೇತ್‌ನ ಚಕ್‌ನಿಂದ, ಅಂದರೆ ತುಂಡನ್ನು ಕಚ್ಚಿ ತಿರುಗಿಸುವ ಹಿಡಿಯಿಂದ, ಹೊರಬಂತು. ಮೊದಲನೇ ಕಂಬಕ್ಕೆ ಕಟ್ಟಿದ್ದ ಟೂಲೇ ಕೊನೆಯದಕ್ಕೂ ಇತ್ತು. ನಡುವೆ ಒಮ್ಮೆಯೂ ಬಿಚ್ಚಲಿಲ್ಲ, ಸಾಣೆ ಹಿಡಿಯಲಿಲ್ಲ. ಮೂರು ವಾರದಿಂದ ನಾನು ಒದ್ದಾಡುತ್ತಿದ್ದದ್ದು ಇದಕ್ಕೇ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಕೆಲಸ ದೊಡ್ಡದೇನಲ್ಲ. ಆರು ಫಿಕ್ಸ್ಚರ್ ಪ್ಲೇಟ್, ತಲಾ ನಾಲ್ಕು ಕಂಬ. 25 ಮಿ.ಮೀ. ಬಾರ್, ಮಧ್ಯಮ ಕಾರ್ಬನ್ ಸ್ಟೀಲ್. 110 ಮಿ.ಮೀ. ಉದ್ದಕ್ಕೆ 1 ಮಿ.ಮೀ. ಆಳದ ಒಂದೇ ಕಟ್, ಫೀಡ್, ಅಂದರೆ ಬಾರ್ ಒಂದು ಸುತ್ತು ತಿರುಗುವಾಗ ಟೂಲ್ ಮುಂದೆ ಸರಿಯುವ ದೂರ, 0.1 ಮಿ.ಮೀ. ಫಿನಿಶಿಂಗ್ ಆಮೇಲೆ ಬೇರೆ ಟೂಲ್‌ನಲ್ಲಿ. ಟೂಲ್ ಮನೆಯಲ್ಲೇ ಸಾಣೆ ಹಿಡಿದ ಹೈಸ್ಪೀಡ್ ಸ್ಟೀಲ್. ನಡುವೆ ಟೂಲ್ ಬದಲಿಸಿದರೆ ಮತ್ತೆ ಸೆಂಟರ್ ಎತ್ತರ ನೋಡಬೇಕು, ಡಯಲ್ ಸೊನ್ನೆ ಮಾಡಬೇಕು, ಒಂದು ತುಂಡು ಬಲಿ ಕೊಡಬೇಕು. ಬಾರ್ ಅಳೆದು ತಂದದ್ದು, ಬಲಿ ಕೊಡಲು ತುಂಡಿರಲಿಲ್ಲ. ಹಾಗಾಗಿ ಒಂದೇ ಟೂಲ್ ಸುಮಾರು ಒಂದು ಗಂಟೆ ಕತ್ತರಿಸಬೇಕು.

ಸಾಮಾನ್ಯವಾಗಿ ನಾವು ಮಾಡುವುದು ಇದರ ಉಲ್ಟಾ, ಅಲ್ವಾ? ಟೇಬಲ್ ನೋಡಿ ವೇಗ ಇಡುತ್ತೇವೆ. ಟೂಲ್ ಎಷ್ಟು ಹೊತ್ತು ಬಾಳುತ್ತದೋ ಬಾಳಲಿ ಅಂತ ಬಿಡುತ್ತೇವೆ. ಈ ಸಲ ಆಯುಷ್ಯ ಮೊದಲೇ ಗೊತ್ತು, 60 ನಿಮಿಷ. ಹುಡುಕಬೇಕಾದದ್ದು ವೇಗ, ಅಂದರೆ ಬಾರ್‌ನ ಮೇಲ್ಮೈ ಟೂಲ್ ಎದುರು ನಿಮಿಷಕ್ಕೆ ಎಷ್ಟು ಮೀಟರ್ ಓಡುತ್ತದೆ ಅನ್ನುವುದು. ಅದಕ್ಕಿರುವುದು ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ ಅವರ ಸೂತ್ರ. ವೇಗವನ್ನು ಆಯುಷ್ಯದ ಎನ್ ಘಾತದಿಂದ ಗುಣಿಸಿದರೆ ಯಾವಾಗಲೂ ಒಂದೇ ಸಂಖ್ಯೆ ಬರಬೇಕು, ಅದು ಸಿ. ಎನ್ ಟೂಲ್‌ನ ಗುಣ. ಸಿ ಅಂದರೆ ಟೂಲ್ ಒಂದೇ ನಿಮಿಷ ಬಾಳುವ ವೇಗ. ಎರಡು ವೇಗದಲ್ಲಿ ಎರಡು ಟೂಲ್ ಸವೆಸಿದರೆ ಎರಡೂ ಸಿಗುತ್ತವೆ. ಅಷ್ಟೇ ಅಂದುಕೊಂಡಿದ್ದೆ.

ಟೆಸ್ಟ್‌ಗೆ ಅದೇ ಗ್ರೇಡ್‌ನ 50 ಮಿ.ಮೀ. ಬಾರ್ ತಂದೆ. ಫೀಡ್, ಆಳ, ಕೂಲೆಂಟ್ (ತಂಪು ಮಾಡುವ ದ್ರವ) ಎಲ್ಲಾ ಕೆಲಸಕ್ಕೆ ಇಡುವಷ್ಟೇ. ಒಂದೊಂದು ಪಾಸ್, ಅಂದರೆ ಟೂಲ್‌ನ ಒಂದು ಓಟ, 200 ಮಿ.ಮೀ. ಟೂಲ್ ಸತ್ತಿತು ಅನ್ನುವುದಕ್ಕೆ ಟೂಲ್ ಆಯುಷ್ಯ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 3685 ಹೇಳುವ ಅಳತೆ: ಫ್ಲ್ಯಾಂಕ್ (ತುಂಡಿಗೆ ಉಜ್ಜುವ ಟೂಲ್‌ನ ಬದಿ) ಮೇಲೆ ಸಮನಾಗಿ 0.3 ಮಿ.ಮೀ. ಸವೆತ. ಯುಎಸ್‌ಬಿ ಮೈಕ್ರೋಸ್ಕೋಪ್ ಸ್ಟ್ಯಾಂಡ್‌ಗೆ ಕಟ್ಟಿ, ಟೂಲ್ ಪೋಸ್ಟ್‌ನಲ್ಲಿದ್ದ ಹಾಗೆಯೇ ನೋಡುತ್ತಾ ಹೋದೆ.

ನಿಮಿಷಕ್ಕೆ 50 ಮೀಟರ್ ವೇಗದಲ್ಲಿ ಟೂಲ್ 4 ನಿಮಿಷ 20 ಸೆಕೆಂಡ್ ಬಾಳಿತು. 42 ಮೀಟರ್‌ನಲ್ಲಿ 24 ನಿಮಿಷ. ಎನ್ 0.102 ಬಂತು. ಹೈಸ್ಪೀಡ್ ಸ್ಟೀಲ್‌ಗೆ ಪುಸ್ತಕಗಳು ಕೊಡುವುದು ಸುಮಾರು 0.1ರಿಂದ 0.15. ಒಳಗೇ ಇದೆಯಲ್ಲ ಅಂತ ಖುಷಿಯಾಯಿತು. 60 ನಿಮಿಷಕ್ಕೆ ಲೆಕ್ಕ ಹಾಕಿದರೆ 38.3 ಮೀಟರ್. 25 ಮಿ.ಮೀ. ಬಾರ್‌ಗೆ 487 ಆರ್‌ಪಿಎಂ (ನಿಮಿಷಕ್ಕೆ ಸುತ್ತು). ಹೊಸದಾಗಿ ಸಾಣೆ ಹಿಡಿದ ಟೂಲ್ ಕಟ್ಟಿ ಕಂಬಗಳನ್ನು ಶುರು ಮಾಡಿದೆ.

16ನೇ ಕಂಬದ ಕೊನೆಯಲ್ಲಿ ಕಿರುಚಾಟ ಶುರು. ಕಂಬದ ಮೇಲೆ ಕನ್ನಡಿಯಂತೆ ಹೊಳೆಯುವ ಉಂಗುರ. ಆ ಉಂಗುರ ಕಂಡರೆ ಏನರ್ಥ ಅಂತ ನಿಮಗೆ ಹೇಳಬೇಕಿಲ್ಲ. ಟೂಲ್ ಕತ್ತರಿಸುವುದು ಬಿಟ್ಟು ಉಜ್ಜುತ್ತಿದೆ. ಅಳೆದರೆ 0.32. ಒಟ್ಟು ಕತ್ತರಿಸಿದ್ದು 36 ನಿಮಿಷ. ಲೆಕ್ಕ ಹೇಳಿದ್ದು 60.

ಹತ್ತು ಪರ್ಸೆಂಟ್ ವ್ಯತ್ಯಾಸ ಆಗಿದ್ದರೆ ಸುಮ್ನೆ ಬಿಡುತ್ತಿದ್ದೆ. ಇದು ಹೆಚ್ಚುಕಡಿಮೆ ಅರ್ಧ.

ಮೊದಲು ಸಾಣೆಯ ಮೇಲೆ ಅನುಮಾನ ಬಂತು. ಹೊಸದಾಗಿ ಸಾಣೆ ಹಿಡಿದು, ಕೋನಗಳನ್ನು ಗೇಜ್‌ನಲ್ಲಿ ನೋಡಿ, ಬಾರ್‌ನ ತುದಿಯಲ್ಲಿದ್ದ ತುಂಡಿನ ಮೇಲೆ ಮತ್ತೆ ಓಡಿಸಿದೆ. ಸವೆತ ಅದೇ ಗತಿಯಲ್ಲಿ ಏರಿತು. ಕೂಲೆಂಟ್ ಹೊಸದಾಗಿ ಕಲಸಿದೆ. ಅದರಿಂದಲೂ ಏನೂ ಬದಲಾಗಲಿಲ್ಲ. ಬೆಲ್ಟ್ ಜಾರುತ್ತಿದೆಯಾ ಅಂತ ಟ್ಯಾಕೋಮೀಟರ್ ಹಿಡಿದೆ. ಲೋಡ್‌ನಲ್ಲೂ ಆರ್‌ಪಿಎಂ ಸರಿಯಾಗಿಯೇ ಇತ್ತು.

ಉಳಿದದ್ದು ಬಾರ್. ಇಲ್ಲಿ ಸಪ್ಲೈಯರ್ ಬಗ್ಗೆ ಒಂದು ಮಾತು ಹೇಳಲೇಬೇಕು. 50ರ ಬಾರ್, 25ರ ಬಾರ್ ಎರಡೂ ಒಂದೇ ಗ್ರೇಡ್ ಅಂತ ಬಿಲ್‌ನಲ್ಲಿದೆ. ಆದರೆ ಗ್ರೇಡ್ ಗುರುತಿಸಲು ತುದಿಗೆ ಬಳಿದ ಬಣ್ಣ ಒಂದರದ್ದು ಹಳದಿ, ಇನ್ನೊಂದರದ್ದು ನೀಲಿ. ಟೆಸ್ಟ್ ಸರ್ಟಿಫಿಕೇಟ್ ಎರಡು ಸಲ ಕೇಳಿದೆ. ಒಂದು ಸಲ ಉತ್ತರವೇ ಬರಲಿಲ್ಲ. ಇನ್ನೊಂದು ಸಲ ಬಂದದ್ದು ಬೇರೆ ಯಾವುದೋ ಪ್ಲೇಟ್‌ನದ್ದು. ನಾವು ಕೊಳ್ಳುವುದು ಎರಡೇ ಬಾರ್ ಇರಬಹುದು, ಆದರೂ ಅದರೊಳಗೆ ಏನಿದೆ ಅಂತ ಗೊತ್ತಿಲ್ಲದೆ ಯಾವ ಲೆಕ್ಕ ಹಾಕೋದು? 25ರ ಬಾರ್ ಗಟ್ಟಿ ಬಂದಿದೆ, ತಪ್ಪು ಅಲ್ಲೇ ಇದೆ ಅಂತ ನಾನು ತೀರ್ಮಾನಿಸಿಬಿಟ್ಟೆ. ದೂರು ಬರೆಯಲು ಕೂತೆ.

ದೂರು ಅಂದಮೇಲೆ ಅಳತೆ ಬೇಕಲ್ಲ. ಎರಡೂ ಬಾರ್‌ಗೆ ಒಂದೇ ಅರ ಹಾಕಿ ಉಜ್ಜಿದೆ. ಅರ ಎರಡನ್ನೂ ಒಂದೇ ಥರ ಕಚ್ಚಿತು. ಆಮೇಲೆ 42 ಮೀಟರ್ ಟೆಸ್ಟ್‌ನಲ್ಲಿ ಉಳಿದಿದ್ದ ಬಾರ್‌ಗೆ ವ್ಯಾಸ ಅಳೆಯಲು ವರ್ನಿಯರ್ ಹಿಡಿದೆ. ಟೇಲ್‌ಸ್ಟಾಕ್ (ಚಕ್‌ಗೆ ಎದುರು ತುದಿಯ ಆಸರೆ) ಕಡೆ 42 ಮಿ.ಮೀ. ಉಳಿದ ಉದ್ದಕ್ಕೆ 44.

ವರ್ನಿಯರ್ ಕೈಯಲ್ಲೇ ಇತ್ತು, ಹಾಗೇ ನಿಂತುಬಿಟ್ಟೆ. ಟೆಸ್ಟ್ ಶುರುವಾದದ್ದು 50ರಲ್ಲಿ. ಆರ್‌ಪಿಎಂ ಕೊನೆಯವರೆಗೂ 267. ಅಂದರೆ ಟೂಲ್ 42 ಮೀಟರ್‌ನಲ್ಲಿ ಕತ್ತರಿಸಿದ್ದು ಮೊದಲ ಪಾಸ್‌ನಲ್ಲಿ ಮಾತ್ರ. ಎರಡನೇ ಪಾಸ್‌ಗೆ ಬಾರ್ 48 ಆಗಿತ್ತು, ವೇಗ 40.3ಕ್ಕೆ ಇಳಿದಿತ್ತು. ಮೂರನೆಯದರಲ್ಲಿ 38.6. ಟೂಲ್ ಸತ್ತ ನಾಲ್ಕನೇ ಪಾಸ್‌ನಲ್ಲಿ 37. ಪ್ರತಿ ಪಾಸ್‌ಗೂ ಕೆಲಸ ಹಗುರವಾಗುತ್ತಾ ಹೋದದ್ದಕ್ಕೆ ಟೂಲ್ 24 ನಿಮಿಷ ಎಳೆದಿತ್ತು. 50 ಮೀಟರ್ ಟೆಸ್ಟ್‌ನಲ್ಲಿ ಈ ತೊಂದರೆ ಬರಲಿಲ್ಲ, ಯಾಕೆಂದರೆ ಆ ಟೂಲ್ ಮೊದಲ ಪಾಸ್‌ನಲ್ಲೇ ಸತ್ತಿತ್ತು. ಒಂದು ಬಿಂದು ಸರಿ, ಇನ್ನೊಂದು ತಪ್ಪು. ಅವೆರಡನ್ನೂ ಸೇರಿಸಿ ಗೆರೆ ಎಳೆದು, ಅದನ್ನು 60 ನಿಮಿಷದವರೆಗೆ ಉದ್ದ ಮಾಡಿದ್ದೆ. ಕಂಬಗಳ ಕೆಲಸದಲ್ಲಿ ವೇಗ ಇಳಿಯುವುದೇ ಇಲ್ಲ. ಪ್ರತಿ ಕಂಬವೂ 25ರಿಂದಲೇ ಶುರು.

ಇದು ಗೊತ್ತಿರದ ವಿಷಯವಲ್ಲ. ವ್ಯಾಸ ಇಳಿದರೆ ವೇಗ ಇಳಿಯುತ್ತದೆ ಅಂತ ನಮಗೆಲ್ಲ ಗೊತ್ತು. ಆದರೆ ನಾಲ್ಕು ಪರ್ಸೆಂಟ್ ಇಳಿದರೆ ಏನು ಮಹಾ ಅಂದುಕೊಳ್ಳುತ್ತೇವೆ. ಮೇಲ್ಮೈ ಹಾಳಾಗಲ್ಲ, ಚಿಪ್ (ಕತ್ತರಿಸಿ ಬರುವ ಲೋಹದ ಸಿಪ್ಪೆ) ಬಣ್ಣ ಬದಲಾಗಲ್ಲ, ಕಿವಿಗೂ ಗೊತ್ತಾಗಲ್ಲ. ಟೂಲ್ ಆಯುಷ್ಯದಲ್ಲಿ ಮಾತ್ರ ಅದು ಬೇರೆ ಲೆಕ್ಕ. ಎನ್ 0.125 ಅಂದುಕೊಳ್ಳಿ. ಅದನ್ನು ತಿರುಗಿಸಿದರೆ, ಅಂದರೆ 1ನ್ನು ಅದರಿಂದ ಭಾಗಿಸಿದರೆ, 8. ಅಂದರೆ ವೇಗದ ವ್ಯತ್ಯಾಸ ಎಂಟನೇ ಘಾತಕ್ಕೆ ಏರಿ ಆಯುಷ್ಯದಲ್ಲಿ ಕಾಣಿಸುತ್ತದೆ. 4 ಪರ್ಸೆಂಟ್ ನಿಧಾನ ಮಾಡಿದರೆ ಆಯುಷ್ಯ ಸುಮಾರು 39 ಪರ್ಸೆಂಟ್ ಜಾಸ್ತಿ. 10 ಪರ್ಸೆಂಟ್ ನಿಧಾನ ಮಾಡಿದರೆ ಎರಡು ಪಟ್ಟಿಗೂ ಮೇಲೆ. ಇದನ್ನು ಕಾಗದದಲ್ಲಿ ಎಷ್ಟೋ ಸಲ ನೋಡಿದ್ದೆ. ಕೈಗೆ ಗೊತ್ತಾದದ್ದು ಆ ವರ್ನಿಯರ್ ಹಿಡಿದಾಗಲೇ.

ಟೂಲ್ ಕಾರ್ಬೈಡ್‌ನದ್ದಾಗಿದ್ದರೆ ಏಟು ಇಷ್ಟು ಜೋರಾಗಿ ಬೀಳುತ್ತಿರಲಿಲ್ಲ. ಅದರ ಎನ್ ಸುಮಾರು 0.25, ತಿರುಗಿಸಿದರೆ 4. ಅದೇ 4 ಪರ್ಸೆಂಟ್‌ಗೆ ಆಯುಷ್ಯ 18 ಪರ್ಸೆಂಟ್ ಅಷ್ಟೇ ಬದಲಾಗುತ್ತದೆ. ಹೈಸ್ಪೀಡ್ ಸ್ಟೀಲ್ ನಮ್ಮ ಸಣ್ಣ ಲೇತ್‌ಗಳಿಗೆ ಬಹಳ ಒಳ್ಳೆಯ ಟೂಲ್, ಆದರೆ ವೇಗದ ವಿಷಯದಲ್ಲಿ ಅದು ಯಾವ ರಿಯಾಯಿತಿಯನ್ನೂ ಕೊಡಲ್ಲ.

ಟೇಲರ್ ಈ ಪ್ರಯೋಗ ಶುರು ಮಾಡಿದ್ದು 1880ರಲ್ಲಿ, ಮಿಡ್‌ವೇಲ್ ಸ್ಟೀಲ್ ಕಾರ್ಖಾನೆಯಲ್ಲಿ. ಪ್ರಬಂಧ ಮಂಡಿಸಿದ್ದು 1906ರಲ್ಲಿ. 26 ವರ್ಷದಲ್ಲಿ 8 ಲಕ್ಷ ಪೌಂಡ್ ಲೋಹವನ್ನು ಚಿಪ್ ಮಾಡಿದರು. ವೇಗವನ್ನು ತೀರ್ಮಾನಿಸುವ 12 ಅಂಶಗಳನ್ನು ಪಟ್ಟಿ ಮಾಡಿದರು. ವರ್ನಿಯರ್ ಘಟನೆಯ ರಾತ್ರಿ ಆ ಪಟ್ಟಿ ಮತ್ತೆ ತೆಗೆದು ಓದಿದೆ. ಲೋಹದ ಗುಣ, ಆಳ, ಚಿಪ್ ದಪ್ಪ, ನೀರಿನ ಧಾರೆ, ಇವೆಲ್ಲದರ ಜೊತೆಗೆ ಕತ್ತರಿಸುವ ತುಂಡಿನ ವ್ಯಾಸವೂ ಇದೆ. ಅಷ್ಟು ಹಿಂದೆಯೇ ಅವರು ಬರೆದಿಟ್ಟಿದ್ದಾರೆ. ಆ ಮನುಷ್ಯನ ತಾಳ್ಮೆಯ ಬಗ್ಗೆ ನನಗೆ ಗೌರವ ಇನ್ನೂ ಜಾಸ್ತಿಯಾಯಿತು.

ದೂರಿನ ಕಾಗದ ಹರಿದುಹಾಕಿದೆ. ಸರ್ಟಿಫಿಕೇಟ್‌ನ ದೂರು ಮಾತ್ರ ಇನ್ನೂ ಹಾಗೇ ಇದೆ.

ಟೆಸ್ಟ್ ಮತ್ತೆ ಮಾಡಿದೆ. ಉಳಿದಿದ್ದ 50ರ ಬಾರ್‌ನಿಂದಲೇ ಹೊಸ ತುಂಡು. ಈ ಸಲ ಪ್ರತಿ ಪಾಸ್ ಮುಗಿದಾಗ ಬಾರ್ ಅಳೆದು ವಿಎಫ್‌ಡಿಯಲ್ಲಿ (ಮೋಟಾರ್‌ನ ವೇಗ ಬದಲಿಸುವ ಸಾಧನ) ಆರ್‌ಪಿಎಂ ಏರಿಸಿದೆ. 42 ಮೀಟರ್‌ಗೆ ಮೊದಲು 267, ಆಮೇಲೆ 279, ಆಮೇಲೆ 291. ನಾಲ್ಕನೇ ಪಾಸ್ ಬೇಕಾಗಲೇ ಇಲ್ಲ. ಮೂರು ಟೂಲ್ ಸವೆಸಿದೆ. ಕಡಿಮೆ ಅಂದರೆ 16 ನಿಮಿಷ, ಜಾಸ್ತಿ ಅಂದರೆ 18 ಚಿಲ್ಲರೆ. ಸರಾಸರಿ 17 ನಿಮಿಷ 20 ಸೆಕೆಂಡ್. 50 ಮೀಟರ್‌ಗೆ ಹಳೆಯದೇ 4 ನಿಮಿಷ 20 ಸೆಕೆಂಡ್. ಸರಿಯಾಗಿ ನಾಲ್ಕು ಪಟ್ಟು! ಎನ್ 0.126. ಸಿ 60. ಒಂದು ಗಂಟೆ ಬಾಳಲು ವೇಗ 36 ಮೀಟರ್. 25 ಮಿ.ಮೀ. ಬಾರ್‌ಗೆ 458 ಆರ್‌ಪಿಎಂ.

487ಕ್ಕೂ 458ಕ್ಕೂ ವ್ಯತ್ಯಾಸ 29 ಸುತ್ತು. ಮೊದಲಿನ ವೇಗದಲ್ಲಿ ಟೂಲ್ 36 ನಿಮಿಷಕ್ಕೆ ಸತ್ತಿತ್ತು.

ಹಾಳಾದ ಒಂದು ಕಂಬ ಹೋಯಿತು. ಉಳಿದ 15 ಕಂಬ ಪಕ್ಕಕ್ಕಿಟ್ಟು, ಎಷ್ಟು ಬೇಕೋ ಅಷ್ಟು ಹೊಸ ಬಾರ್ ತಂದು, 24ನ್ನೂ ಮೊದಲಿನಿಂದ ಮಾಡಿದೆ. ಅದೇ ಸಪ್ಲೈಯರ್, ಈ ಸಲ ತುದಿಗೆ ಬಣ್ಣವೇ ಇರಲಿಲ್ಲ. ಒಂದೊಂದು ಕಂಬಕ್ಕೆ 2.4 ನಿಮಿಷ. ನಾಲ್ಕು ಕಂಬಕ್ಕೊಮ್ಮೆ ಸವೆತ ಬರೆದುಕೊಂಡೆ. 16ನೆಯದು ದಾಟುವಾಗ ಲೇತ್ ಪಕ್ಕದಲ್ಲೇ ಉಸಿರು ಬಿಗಿಹಿಡಿದು ನಿಂತಿದ್ದೆ. ಚಿಪ್ ಮೊದಲಿನ ಹಾಗೇ ಸುರುಳಿಯಾಗಿ ಬರುತ್ತಿತ್ತು. 20ಕ್ಕೆ 0.24. 24ಕ್ಕೆ 0.28. ಒಟ್ಟು 57 ನಿಮಿಷ 40 ಸೆಕೆಂಡ್. ಫೋನಿನಲ್ಲಿದ್ದ ಗೆಳೆಯ ಮೊದಲು ಕೇಳಿದ್ದು "ಉಂಗುರ ಇಲ್ಲ ತಾನೇ?" ಅಂತ. ಇಲ್ಲ. ಒಂದರ ಮೇಲೂ ಇಲ್ಲ.

ನೀವೂ ಮಾಡುವುದಾದರೆ ಒಂದು ವಿಷಯ ನೋಡಿಕೊಳ್ಳಿ. ಈ ಗೆರೆಯನ್ನು ತೀರಾ ಕಡಿಮೆ ವೇಗದ ಕಡೆಗೆ ಎಳೆಯಬೇಡಿ. ಅಲ್ಲಿ ಟೂಲ್ ತುದಿಗೆ ಲೋಹ ಅಂಟಿಕೊಂಡು ಕಟ್ಟಿಕೊಳ್ಳುತ್ತದೆ. ಅದು ಕಿತ್ತು ಬರುವಾಗ ತುದಿಯ ಚೂರನ್ನೂ ಎಳೆದುಕೊಂಡು ಬರುತ್ತದೆ. ಆಮೇಲೆ ನಿಧಾನ ಮಾಡಿದಷ್ಟೂ ಆಯುಷ್ಯ ಜಾಸ್ತಿ ಅನ್ನುವ ನಿಯಮವೇ ನಿಲ್ಲಲ್ಲ. ಫೀಡ್ ಅಥವಾ ಆಳ ಬದಲಿಸಿದರೆ ಸಿ ಕೂಡ ಬದಲು, ಹೊಸ ಟೆಸ್ಟ್ ಬೇಕು.

ಪಾಸ್‌ಗೊಮ್ಮೆ ಅಳೆದು ವಿಎಫ್‌ಡಿ ತಿರುಗಿಸಿ ಕೈ ಸೋತಿದೆ. ಹಾಗಾಗಿ ಮುಂದಿನ ಪ್ರಾಜೆಕ್ಟ್ ಆಗಲೇ ತಲೆಯಲ್ಲಿ ಕೂತಿದೆ. ಟೂಲನ್ನು ಬಾರ್‌ನತ್ತ ಸರಿಸುವ ಕ್ರಾಸ್ ಸ್ಲೈಡ್‌ಗೆ ಡಿಜಿಟಲ್ ಸ್ಕೇಲ್, ಅದರ ಓದು ಒಂದು ಮೈಕ್ರೋಕಂಟ್ರೋಲರ್‌ಗೆ, ಅಲ್ಲಿಂದ ವಿಎಫ್‌ಡಿಗೆ. ವ್ಯಾಸ ಇಳಿದಷ್ಟೂ ಆರ್‌ಪಿಎಂ ತಾನೇ ಏರಬೇಕು. ಕಂಪ್ಯೂಟರ್ ನಡೆಸುವ ದೊಡ್ಡ ಸಿಎನ್‌ಸಿ ಲೇತ್‌ಗಳಲ್ಲಿ ಜಿ96 ಅನ್ನುವ ಆದೇಶ ಕೊಟ್ಟರೆ ಇದೇ ಆಗುವುದು. ಫೇಸಿಂಗ್ ಮಾಡುವಾಗ, ಅಂದರೆ ತುಂಡಿನ ತುದಿಯ ಮುಖ ಕತ್ತರಿಸುವಾಗ, ವ್ಯಾಸ ಸೊನ್ನೆಯ ಕಡೆ ಹೋಗುತ್ತದೆ, ಆರ್‌ಪಿಎಂ ಎಲ್ಲಿಗೋ ಹೋಗುತ್ತದೆ. ಅದಕ್ಕೆ ಮೇಲಿನ ಮಿತಿ ಮೊದಲೇ ಹಾಕಬೇಕು. ಸ್ಕೇಲ್ ಬಂದಿದೆ. ಅದನ್ನು ಹಿಡಿಯುವ ಬ್ರಾಕೆಟ್‌ಗೆ ಪಕ್ಕಕ್ಕಿಟ್ಟ 15 ಕಂಬಗಳಲ್ಲಿ ಎರಡು ಸರಿಹೋಗುತ್ತವೆ, ಅಳೆದು ನೋಡಿದೆ.