ಮುರಕಲ್ಲಿನ ದಾರಿಗೆ ಟ್ಯೂಬಿಲ್ಲದ ಟಯರು

ಕಳೆದ ಡಿಸೆಂಬರಿನ ಒಂದು ಭಾನುವಾರ, ಕಾಸರಗೋಡು ಜಿಲ್ಲೆಯ ಬಾಯಾರಿನಿಂದ ಪೊಸಡಿಗುಂಪೆ ಬೆಟ್ಟದ ಕಡೆಗೆ ಹೋಗುವಾಗ ಡಾಮರು ರಸ್ತೆಯನ್ನು ಬಿಟ್ಟು, ಕೆಲಸ ನಿಂತುಹೋದ ಒಂದು ಕಲ್ಲಿನ ಕೋರೆಯ ಪಕ್ಕದ ಲಾರಿ ದಾರಿಗೆ ಸೈಕಲನ್ನು ತಿರುಗಿಸಿದೆ. ಇನ್ನೂರು ಮೀಟರು ಹೋಗುವಷ್ಟರಲ್ಲಿ ಹಿಂದಿನ ಟಯರಿನ ಪಕ್ಕೆಯನ್ನು ಮುರಕಲ್ಲಿನ (ಜಂಬಿಟ್ಟಿಗೆಯ) ಅಂಚು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚೇ ಸೀಳಿತು. ಒಳಗಿದ್ದ ಸೀಲೆಂಟ್, ಅಂದರೆ ತೂತು ಮುಚ್ಚುವ ದ್ರವ, ಬಿಳಿ ಎಳೆಯಾಗಿ ನನ್ನ ಕಾಲಿಗೂ ಸೀಟಿನ ಕೆಳಗಿನ ಚೀಲಕ್ಕೂ ಎರಚಿತೇ ಹೊರತು ಗಾಯವನ್ನು ಮುಚ್ಚಲಿಲ್ಲ. ತೂತಿಗೆ ತುರುಕುವ ಅಂಟಿನ ಬತ್ತಿಯನ್ನು ಎರಡು ಸಲ ಹಾಕಿ ನೋಡಿದೆ. ಪಕ್ಕೆಯ ಬಟ್ಟೆ ತೆಳುವಾದುದರಿಂದ ಅದಕ್ಕೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಕೊನೆಗೆ ಟಯರನ್ನು ಬಿಚ್ಚಿ, ಪಕ್ಕದ ತೋಟದಲ್ಲಿ ಬಿದ್ದಿದ್ದ ಅಡಿಕೆ ಹಾಳೆಯಿಂದ ಅಂಗೈ ಅಗಲದ ತುಂಡೊಂದನ್ನು ಕತ್ತರಿಸಿ ಸೀಳಿಗೆ ಒಳಗಿನಿಂದ ಅಡ್ಡವಿಟ್ಟು, ಚೀಲದಲ್ಲಿದ್ದ ಟ್ಯೂಬನ್ನು ತೊಡಿಸಿ ಬದಿಯಡ್ಕದ ಮನೆಗೆ ಬಂದು ಸೇರಿದೆ. ಆ ಹಾಳೆಯ ತುಂಡು ಮೂರು ವಾರ ಅಲ್ಲಿಯೇ ಇತ್ತು.

ಆ ಟಯರನ್ನು ನಾನು ಆರಿಸಿದ್ದು ತಪ್ಪು ಲೆಕ್ಕಾಚಾರದಿಂದ. ಅಂತರಜಾಲದಲ್ಲಿ ಗ್ರಾವೆಲ್ ಟಯರುಗಳ, ಅಂದರೆ ಡಾಮರಿಲ್ಲದ ದಾರಿಯಲ್ಲೂ ಓಡುವ ಸೈಕಲ್ ಟಯರುಗಳ, ಬಗ್ಗೆ ಓದಲು ಸಿಗುವುದರಲ್ಲಿ ಹೆಚ್ಚಿನದು ಹಲ್ಲಿನ ವಿನ್ಯಾಸದ ಕುರಿತಾದ ಚರ್ಚೆ: ನಡುವೆ ನಯವಿರಬೇಕೇ, ಅಂಚಿನಲ್ಲಿ ಗುಬ್ಬಿಗಳಿರಬೇಕೇ, ಚೌಕವೋ ದುಂಡೋ. ನಾನೂ ಅದನ್ನೇ ನೋಡಿ, ಹಗುರವಾದ, ಬೇಗ ಉರುಳುವ, 38 ಮಿಲಿಮೀಟರ್ ಅಗಲದ ಟಯರನ್ನು ತರಿಸಿಕೊಂಡಿದ್ದೆ. ಹಲ್ಲಿನಲ್ಲಿ ಯಾವ ದೋಷವೂ ಇರಲಿಲ್ಲ. ನಮ್ಮ ದಾರಿ ಟಯರನ್ನು ಕೆಳಗಿನಿಂದ ಮಾತ್ರವಲ್ಲ, ಪಕ್ಕದಿಂದಲೂ ಕಡಿಯುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಗ್ರಾವೆಲ್ ಎಂಬ ಮಾತಿಗೆ ನಮ್ಮಲ್ಲಿ ಚರಳು ಎನ್ನಬಹುದು, ಆದರೆ ವಸ್ತು ಒಂದೇ ಅಲ್ಲ. ಹೊರದೇಶಗಳ ಚಿತ್ರಗಳಲ್ಲಿ ಕಾಣುವ, ಸಮನಾಗಿ ಹರಡಿ ಉರುಳೆ ಓಡಿಸಿದ ಬಿಳಿಯ ಜಲ್ಲಿಯ ರಸ್ತೆ ಕಾಸರಗೋಡಿನ ಒಳನಾಡಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಬದಿಯಡ್ಕದಿಂದ ಪೆರ್ಲ, ಬಾಯಾರು, ಪೊಸಡಿಗುಂಪೆ, ಸೀತಾಂಗೋಳಿ ಎಂದು ಸುತ್ತಿ ಬರುವ ನನ್ನ ವಾರದ ಸವಾರಿಯಲ್ಲಿ ಮುಕ್ಕಾಲು ಪಾಲು ಡಾಮರು ಅಥವಾ ಕಾಂಕ್ರೀಟು, ಉಳಿದುದರಲ್ಲಿ ತೋಟದ ನಡುವಿನ ಮಣ್ಣಿನ ಓಣಿ, ಗೇರುಮರಗಳ ಕೆಳಗಿನ ತರಗೆಲೆಯ ದಾರಿ, ಮತ್ತು ಪದವುಗಳ, ಅಂದರೆ ಗುಡ್ಡದ ತಲೆಯ ಬಯಲುಗಳ, ಮೇಲಿನ ಬೋಳು ಮುರಕಲ್ಲು. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಾಡಿಪುರಂನಲ್ಲಿ ಜನರು ಅದನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹುಟ್ಟಿಸಿದ ಆ ಹೆಸರನ್ನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಬಳಸಿದನು. ನೆಲದೊಳಗೆ ಇರುವಾಗ ಕೊಡಲಿಗೆ ಸಿಗುವಷ್ಟು ಮೆದುವಾಗಿದ್ದು, ಗಾಳಿಬಿಸಿಲಿಗೆ ತೆರೆದುಕೊಂಡ ಮೇಲೆ ಕಬ್ಬಿಣದ ಅಂಶದಿಂದ ಗಟ್ಟಿಯಾಗುವುದು ಇದರ ಗುಣ. ಮನೆ ಕಟ್ಟುವವರಿಗೆ ಇದು ವರ. ಸೈಕಲ್ ಟಯರಿಗೆ ಮಾತ್ರ, ಮೈಯೆಲ್ಲ ತೂತಾಗಿ ಪ್ರತಿಯೊಂದು ತೂತಿನ ಅಂಚೂ ಚಿಪ್ಪಿನಂತೆ ಹರಿತವಾಗಿರುವ ನೆಲವೆಂದರೆ ಅದೇ.

ಇಂತಹ ದಾರಿಗೆ ಟ್ಯೂಬಿಲ್ಲದ ಟಯರೇ ಏಕೆ ಎಂಬುದಕ್ಕೆ ಮುಳ್ಳಿನ ಕಾಟ ಅರ್ಧ ಉತ್ತರ ಮಾತ್ರ. ಬಿದಿರಿನ ಮುಳ್ಳು, ಹೆದ್ದಾರಿ ಕಾಮಗಾರಿಯ ಬದಿಯಲ್ಲಿ ಬಿದ್ದಿರುವ ತಂತಿಯ ತುಂಡು ಇವುಗಳ ಸಣ್ಣ ತೂತುಗಳನ್ನು ಸೀಲೆಂಟ್ ತಾನಾಗಿಯೇ ಮುಚ್ಚುತ್ತದೆ, ನಿಜ. ಆದರೆ ಹೆಚ್ಚಿನ ಲಾಭವಿರುವುದು ಗಾಳಿಯ ಒತ್ತಡದಲ್ಲಿ. ಟ್ಯೂಬು ಇರುವಾಗ ಒತ್ತಡ ಕಡಿಮೆ ಮಾಡಿದರೆ ಕಲ್ಲು ಬಡಿದಾಗ ಟ್ಯೂಬು ರಿಮ್ಮಿನ ಅಂಚಿಗೂ ಕಲ್ಲಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಒಂದೇ ಪೆಟ್ಟಿಗೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಆ ಭಯದಿಂದ ಟ್ಯೂಬಿನ ಕಾಲದಲ್ಲಿ ನಾನು 50 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಒತ್ತಡ) ತುಂಬುತ್ತಿದ್ದೆ, ಪದವಿನ ಮೇಲೆ ಸೈಕಲು ಕುಣಿಯುತ್ತ ಹೋಗುತ್ತಿತ್ತು, ಇಳಿಜಾರಿನಲ್ಲಿ ಬ್ರೇಕು ಹಿಡಿದರೆ ಚಕ್ರ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಈಗ 45 ಮಿಲಿಮೀಟರ್ ಟಯರಿನಲ್ಲಿ ಮುಂದಕ್ಕೆ 26, ಹಿಂದಕ್ಕೆ 30 ಪಿಎಸ್‌ಐ ಇಟ್ಟುಕೊಂಡಿದ್ದೇನೆ. ನನ್ನ ತೂಕ 74 ಕಿಲೋ. ಹಗುರದವರು ಇನ್ನೂ ಇಳಿಸಬಹುದು, ಭಾರದವರು ಏರಿಸಬೇಕು. ಕಲ್ಲಿನ ಉಬ್ಬು ಟಯರಿನೊಳಗೆ ಮುಳುಗಿ ಏಳುತ್ತದೆಯೇ ಹೊರತು ಇಡೀ ಸೈಕಲನ್ನೂ ಸವಾರನನ್ನೂ ಎತ್ತಿ ಹಾಕುವುದಿಲ್ಲವಾದ್ದರಿಂದ, ಒರಟು ನೆಲದಲ್ಲಿ ಕಡಿಮೆ ಒತ್ತಡದ ಟಯರು ನಿಧಾನವೆಂಬ ನನ್ನ ಹಳೆಯ ಕಲ್ಪನೆಯೂ ಹೋಯಿತು.

ಟಯರನ್ನು ಕೊಳ್ಳುವಾಗ ಈಗ ನಾನು ಮೊದಲು ಕೇಳುವುದು ಅದರ ಪಕ್ಕೆಯ ವಿಷಯ. ಟಯರಿನ ಒಳಮೈ ರಬ್ಬರು ಸವರಿದ ನೂಲಿನ ಬಟ್ಟೆ. ಒಂದು ಅಂಗುಲಕ್ಕೆ ಎಷ್ಟು ಎಳೆ ಎಂಬುದನ್ನು ಟಿಪಿಐ ಎಂದು ಬರೆದಿರುತ್ತಾರೆ. ಕಾಸರಗೋಡು ಸೀರೆಯ ನೇಯ್ಗೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಎಳೆ ಹೆಚ್ಚಾದಷ್ಟೂ ನೂಲು ಸಪೂರ, ಬಟ್ಟೆ ಮೆದು. 120 ಟಿಪಿಐ ಟಯರು ಹಗುರವಾಗಿ, ಬಾಗಿ ಬಳುಕಿ ಸುಖವಾಗಿ ಓಡುತ್ತದೆ. 60 ಟಿಪಿಐ ಟಯರಿನ ನೂಲು ದಪ್ಪ, ಅದು ಉಜ್ಜಿದರೂ ತಡೆಯುತ್ತದೆ. ಆದರೆ ಕೆಲವು ತಯಾರಕರು ಒಂದರ ಮೇಲೊಂದು ಬರುವ ಪದರಗಳ ಎಳೆಗಳನ್ನೆಲ್ಲ ಕೂಡಿಸಿ ದೊಡ್ಡ ಸಂಖ್ಯೆಯನ್ನು ಹೇಳುವುದರಿಂದ, ಒಂದು ಕಂಪನಿಯ ಅಂಕಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ತೂಗುವುದು ಸರಿಯಲ್ಲ. ಅದಕ್ಕಿಂತ ಒಳ್ಳೆಯ ಗುರುತೆಂದರೆ, ರಿಮ್ಮಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ರಕ್ಷಣೆಯ ಪದರವಿದೆಯೇ, ಅಥವಾ ಹಲ್ಲಿನ ಕೆಳಗೆ ಮಾತ್ರ ಇದೆಯೇ ಎಂಬುದು. ಒಂದೇ ಹೆಸರಿನ ಟಯರು ಎರಡೂ ಬಗೆಯಲ್ಲಿ ಬರುವುದುಂಟು, ತೂಕದಲ್ಲಿ ಐವತ್ತರಿಂದ ನೂರು ಗ್ರಾಂ ವ್ಯತ್ಯಾಸವಿರುತ್ತದೆ. ಆ ನೂರು ಗ್ರಾಮನ್ನು ಉಳಿಸಲು ಹೋಗಿ ನಾನು ಹಾಳೆ ಕತ್ತರಿಸುತ್ತ ಕುಳಿತದ್ದು.

ಎರಡನೆಯದು ಅಗಲ. ಟಯರಿನ ಮೇಲೆ 45-622 ಎಂದು ಬರೆದಿದ್ದರೆ ಮೊದಲಿನದು ಅಗಲ, ಎರಡನೆಯದು ರಿಮ್ಮಿನ ಮೇಲೆ ಟಯರು ಕೂರುವ ಸುತ್ತಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಅಂಗಡಿಯಲ್ಲಿ 700ಸಿ ಎನ್ನುವುದು ಈ 622ನ್ನೇ. 650ಬಿ ಎಂದರೆ 584. ಸೈಕಲಿನ ಚೌಕಟ್ಟಿನಲ್ಲಿ ಹಿಡಿಸುವ ಅತಿ ಅಗಲದ ಟಯರನ್ನೇ ಹಾಕಿರೆಂದು ಬೇರೆ ಊರಿನವರು ಹೇಳಬಹುದು, ನಾನು ಹೇಳುವುದಿಲ್ಲ. ಜೂನ್ ಬಂದಿತೆಂದರೆ ತೋಟದ ಓಣಿಗಳ ಕೆಂಪು ಮಣ್ಣು ಟಯರಿಗೆ ಮೆತ್ತಿಕೊಂಡು ಹಿಂದಿನ ಕವಲಿನಲ್ಲಿ ಸಿಕ್ಕಿಬೀಳುತ್ತದೆ, ಅದರೊಂದಿಗೆ ಬಂದ ಚರಳಿನ ಕಾಳು ಚೌಕಟ್ಟಿನ ಬಣ್ಣವನ್ನು ಅರದಂತೆ ಉಜ್ಜುತ್ತದೆ. ಎರಡೂ ಬದಿಗಳಲ್ಲಿ ಐದಾರು ಮಿಲಿಮೀಟರಾದರೂ ಎಡೆ ಉಳಿಯಬೇಕು. ನನ್ನ ಸೈಕಲಿನಲ್ಲಿ 50 ಹಿಡಿಯುತ್ತದೆ, ನಾನು ಹಾಕಿರುವುದು 45. ಅಗಲವಾದ ರಿಮ್ಮಿನಲ್ಲಿ ಕೂರಿಸಿದಾಗ ಟಯರು ತನ್ನ ಮೇಲೆ ಬರೆದಿರುವುದಕ್ಕಿಂತ ಒಂದೆರಡು ಮಿಲಿಮೀಟರು ಉಬ್ಬುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಲ್ಲಿನ ಬಗ್ಗೆ ಹೆಚ್ಚು ಹೇಳಲಾರೆ. ಮುಕ್ಕಾಲು ಪಾಲು ಡಾಮರಿನಲ್ಲೇ ಓಡುವವನಿಗೆ ನಡುವೆ ತಗ್ಗಾದ ಒತ್ತಾದ ಹಲ್ಲು, ಅಂಚಿನಲ್ಲಿ ಸ್ವಲ್ಪ ಎತ್ತರದ ಗುಬ್ಬಿ ಇದ್ದರೆ ಸಾಕು. ಡಬ್ಲ್ಯುಟಿಬಿಯ ರಿಡ್ಲರ್ ಆ ಬಗೆಯದು. ಪ್ಯಾನರೇಸರ್‌ನ ಗ್ರಾವೆಲ್‌ಕಿಂಗ್ ಎಸ್‌ಕೆಯ ಸಣ್ಣ ಚೌಕಗಳೂ ಮ್ಯಾಕ್ಸಿಸ್‌ನ ರ‍್ಯಾಂಬ್ಲರ್‌ನ ಒತ್ತು ಹಲ್ಲೂ ಇದೇ ಕೆಲಸಕ್ಕೆ ಬರುತ್ತವೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮುರಕಲ್ಲಿನ ಹಾಸಿನ ಮೇಲೆ ಮಾತ್ರ ಯಾವ ಹಲ್ಲೂ ಹಿಡಿಯುವುದಿಲ್ಲ. ಅಲ್ಲಿ ಇಳಿದು ನಡೆಯಬೇಕು.

ರಿಮ್ಮನ್ನು ನೋಡದೆ ಟಯರನ್ನು ತರಿಸುವವರು ಇದ್ದಾರೆ, ಆದುದರಿಂದ ಇಷ್ಟನ್ನು ಹೇಳುತ್ತೇನೆ. ಈಚೆಗೆ ಬರುವ ಕೆಲವು ರಿಮ್ಮುಗಳ ಅಂಚಿನಲ್ಲಿ ಟಯರನ್ನು ಹಿಡಿದುಕೊಳ್ಳುವ ಒಳಬಾಗು ಇರುವುದಿಲ್ಲ. ಅವನ್ನು ಹುಕ್‌ಲೆಸ್ ಎನ್ನುತ್ತಾರೆ. ಅವಕ್ಕೆ ಅನುಮತಿಸಿದ ಅತಿ ಹೆಚ್ಚಿನ ಒತ್ತಡ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ. ನಮ್ಮ 30 ಪಿಎಸ್‌ಐಗೆ ಅದೊಂದು ತೊಡಕೇ ಅಲ್ಲವಾದರೂ, ಟ್ಯೂಬ್‌ಲೆಸ್ ಎಂದು ಬರೆದಿರದ ಟಯರನ್ನು ಅಂತಹ ರಿಮ್ಮಿಗೆ ಹಾಕುವುದು ಅಪಾಯ, ಏಕೆಂದರೆ ಅದರ ಅಂಚಿನ ಬಳೆ ಹಿಗ್ಗಿ ರಿಮ್ಮಿನಿಂದ ಕಳಚಿಕೊಳ್ಳಬಹುದು. ಅಂಚಿನಲ್ಲಿ ಒಳಬಾಗು ಇರುವ ರಿಮ್ಮಾದರೂ ಅದು ಟ್ಯೂಬ್‌ಲೆಸ್‌ಗೆ ತಕ್ಕುದೆಂದು ತಯಾರಕರು ಹೇಳಿರಬೇಕು, ಮತ್ತು ಕಡ್ಡಿಗಳ ತೂತುಗಳನ್ನು ಮುಚ್ಚುವ ಟೇಪು ರಿಮ್ಮಿನ ಒಳ ಅಗಲಕ್ಕಿಂತ ಎರಡು ಮಿಲಿಮೀಟರು ಹೆಚ್ಚಿರಬೇಕು.

ಈ ತೂತುಗಳ ಕಥೆಯೇ ಬದಿಯಡ್ಕದ ಪಂಕ್ಚರ್ ಅಂಗಡಿಯಲ್ಲಿ ನನ್ನನ್ನು ಪರೀಕ್ಷೆಗೆ ನಿಲ್ಲಿಸಿತು. ಮನೆಯ ಪಂಪಿನಿಂದ ಹೊಸ ಟಯರು ಕೂರದೆ ಇದ್ದಾಗ ಕಂಪ್ರೆಸರಿನ ಗಾಳಿಗೆಂದು ಅಲ್ಲಿಗೆ ಹೋಗಿದ್ದೆ. ಅಂಗಡಿಯವರು ಒಮ್ಮೆ ಟಯರನ್ನು, ಒಮ್ಮೆ ನನ್ನ ಕೈಯಲ್ಲಿದ್ದ ಸೀಲೆಂಟಿನ ಬಾಟಲಿಯನ್ನು ನೋಡಿ, “ಸ್ಕೂಟರಿಗೆ ಬೇಡದ ಹಾಲು ಸೈಕಲಿಗೆ ಯಾಕೆ ಮಾಷ್ಟ್ರೇ?” ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಸ್ಕೂಟರಿನ ರಿಮ್ಮು ತೂತಿಲ್ಲದ ಲೋಹ, ಟಯರಿನ ಒಳಗೆ ಗಾಳಿ ಬಿಡದ ಬ್ಯುಟೈಲ್ ರಬ್ಬರಿನ ಪದರ. ಸೈಕಲಿನ ರಿಮ್ಮಿನಲ್ಲಿ ಕಡ್ಡಿಗಳಿಗೆಂದು ಇಪ್ಪತ್ತೆಂಟೋ ಮೂವತ್ತೆರಡೋ ತೂತುಗಳು, ಟಯರೋ ಹಗುರವಾಗಬೇಕೆಂದು ತೆಳುವಾಗಿಸಿದ್ದು. ಮ್ಯಾವಿಕ್ ಕಂಪನಿಯು 1999ರಲ್ಲಿ ಯುಎಸ್‌ಟಿ ಎಂಬ ಹೆಸರಿನಲ್ಲಿ ತಂದ ಬೆಟ್ಟದ ಸೈಕಲಿನ ಏರ್ಪಾಡಿನಲ್ಲಿ ರಿಮ್ಮಿನ ಒಳಮೈಯಲ್ಲಿ ತೂತುಗಳಿರಲಿಲ್ಲ, ಟಯರೂ ದಪ್ಪವಾಗಿತ್ತು, ಆದ್ದರಿಂದ ಹಾಲಿಲ್ಲದೆಯೂ ನಡೆಯುತ್ತಿತ್ತು. ಆದರೆ ತೂಕ ಹೆಚ್ಚು. ಈಗ ಟ್ಯೂಬ್‌ಲೆಸ್ ರೆಡಿ ಎಂದು ಮಾರುವ ಟಯರುಗಳು ಹಗುರ, ಸೀಲೆಂಟ್ ಇದ್ದರೆ ಮಾತ್ರ ಪೂರ್ಣ. ಅಂಚಿಗೆ ಸಾಬೂನು ನೀರು ಸವರಿ, ವಾಲ್ವಿನ ಒಳಗಿನ ಕಡ್ಡಿಯನ್ನು ತೆಗೆದು ಒಮ್ಮೆಗೇ ಗಾಳಿ ಬಿಟ್ಟಾಗ ಟಯರು ಟಪ್ ಟಪ್ ಎಂದು ಎರಡು ಸಲ ಸದ್ದು ಮಾಡಿ ಕುಳಿತಿತು. ಪ್ರೆಸ್ಟಾ ಎಂಬ ಸಪೂರ ಸೈಕಲ್ ವಾಲ್ವಿಗೆ ತಿರುಗಿಸಿ ಹಾಕುವ ಹಿತ್ತಾಳೆಯ ಅಡಾಪ್ಟರನ್ನು ಜೇಬಿನಲ್ಲಿ ಒಯ್ಯದಿದ್ದರೆ ಆ ಕಂಪ್ರೆಸರು ನಮಗೆ ಪ್ರಯೋಜನಕ್ಕೆ ಬಾರದು. ಅಂಗಡಿಯವರ ಬಳಿಯಿದ್ದ ಬೈಕಿನ ಬತ್ತಿಯನ್ನೂ ಸೈಕಲಿಗೆ ತುರುಕಿಸಿಕೊಳ್ಳಬಾರದು. ಸೈಕಲಿನ ಬತ್ತಿಗಳು ಸಾಮಾನ್ಯವಾಗಿ 1.5 ಮತ್ತು 3.5 ಮಿಲಿಮೀಟರಿನವು, ಬೈಕಿನದು ಅದಕ್ಕಿಂತ ದಪ್ಪವಾಗಿದ್ದು ತೂತನ್ನೇ ಹಿಗ್ಗಿಸುತ್ತದೆ.

ಹಾಲೆಂಬ ಮಾತು ಸುಮ್ಮನೆ ಬಂದುದಲ್ಲ. ಸೀಲೆಂಟಿನಲ್ಲಿ ಬಹುಪಾಲು ಬಗೆಗಳ ಮೂಲ ರಬ್ಬರು ಹಾಲೇ, ಬಾಟಲಿ ತೆರೆದರೆ ಟ್ಯಾಪಿಂಗಿನ ಶೆಡ್ಡಿನದೇ ವಾಸನೆ. ನಮ್ಮ ನೆರೆಯಲ್ಲಿ ಮುನ್ನೂರು ಮರ ಟ್ಯಾಪಿಂಗ್ ಮಾಡುವ ಹಿರಿಯರೊಬ್ಬರು ಅದನ್ನು ಮೂಸಿ, “ನೂರು ಎಂಎಲ್‌ಗೆ ಇಷ್ಟು ದುಡ್ಡು ಕೊಡುವುದೇ? ಬೆಳಿಗ್ಗೆ ಬನ್ನಿ ಮಾಷ್ಟ್ರೇ, ಒಂದು ಗೆರಟೆ ಹಾಲು ಧರ್ಮಕ್ಕೆ ಕೊಡುತ್ತೇನೆ” ಎಂದರು. ಕೊಟ್ಟರೂ ಉಪಯೋಗವಿಲ್ಲವೆಂದು ಅವರಿಗೂ ಗೊತ್ತು: ಮರದಿಂದ ಇಳಿದ ಹಾಲು ಸೂಕ್ಷ್ಮಜೀವಿಗಳು ಹುಟ್ಟಿಸುವ ಹುಳಿಯಿಂದ ಕೆಲವು ಗಂಟೆಗಳಲ್ಲೇ ಹೆಪ್ಪುಗಟ್ಟುತ್ತದೆ, ಗೆರಟೆಯಲ್ಲಿ ಉಳಿದದ್ದು ಸ್ಕ್ರಾಪ್ ಆಗುವುದು ಹೀಗೆಯೇ. ಅದನ್ನು ದ್ರವವಾಗಿ ಉಳಿಸುವುದು ಅಮೋನಿಯಾ. ಸೀಲೆಂಟಿನ ತಯಾರಕರೂ ಅಮೋನಿಯಾವನ್ನು ಬಳಸುತ್ತಾರೆ; ಅದು ಹೆಚ್ಚಾದರೆ ಅಲ್ಯುಮಿನಿಯಂ ರಿಮ್ಮನ್ನು ಕೊರೆಯುವುದರಿಂದ ಕೆಲವರು ಕಡಿಮೆ ಮಾಡಿದ್ದಾರೆ, ಕೆಲವರು ಬಿಟ್ಟೇ ಬಿಟ್ಟಿದ್ದಾರೆ. ಇದರ ಜೊತೆಗೆ ತೂತಿನಲ್ಲಿ ಸಿಕ್ಕಿಕೊಂಡು ಹಾಲಿಗೆ ಆಧಾರವಾಗುವ ನಾರು ಅಥವಾ ಕಾಳು ಬೇಕು, ಬರಿಯ ಹಾಲಿಗೆ ದೊಡ್ಡ ತೂತು ಜಗ್ಗುವುದಿಲ್ಲ. 45 ಮಿಲಿಮೀಟರಿನ ಒಂದು ಟಯರಿಗೆ ನಾನು 90ರಿಂದ 100 ಎಂಎಲ್ ಹೊಯ್ಯುತ್ತೇನೆ. ಬಾಟಲಿಯ ಮೇಲೆ ಎರಡರಿಂದ ಆರು ತಿಂಗಳೆಂದು ಬರೆದಿದ್ದರೂ ಮಾರ್ಚಿನಿಂದ ಮೇ ತಿಂಗಳವರೆಗಿನ ನಮ್ಮ ಸೆಕೆಯಲ್ಲಿ ಎರಡಕ್ಕೇ ಒಣಗಿದ್ದನ್ನು ಕಂಡಿದ್ದೇನೆ. ಚಕ್ರವನ್ನು ಕಿವಿಯ ಬಳಿ ಹಿಡಿದು ಅಲುಗಿಸಿದಾಗ ಒಳಗೆ ಕುಲುಕುವ ಸದ್ದು ಬಾರದಿದ್ದರೆ ಹೊಯ್ಯುವ ಸಮಯವಾಯಿತು.

ಎಲ್ಲರಿಗೂ ಇದು ಬೇಕೇ ಎಂದು ಕೇಳಿದರೆ ಬೇಡವೆಂದೇ ಹೇಳುತ್ತೇನೆ. ಕುಂಬಳೆಗೋ ಮುಳ್ಳೇರಿಯಕ್ಕೋ ರಸ್ತೆಯಲ್ಲೇ ಹೋಗಿ ಬರುವವರು, ತಿಂಗಳಿಗೆರಡು ಸಲ ಮಾತ್ರ ಸೈಕಲನ್ನು ಹೊರತೆಗೆಯುವವರು ಟ್ಯೂಬಿನಲ್ಲೇ ಇರುವುದು ಲೇಸು. ಸೈಕಲು ಜಗಲಿಯಲ್ಲಿ ನಿಂತಷ್ಟು ದಿನವೂ ಸೀಲೆಂಟ್ ಒಣಗುತ್ತಲೇ ಇರುತ್ತದೆ. ವಾರವಾರ ಪದವು ಹತ್ತುವವರಿಗೆ ಮಾತ್ರ ಇದರ ಖರ್ಚೂ ಕೈ ಕೊಳೆಯೂ ಸಾರ್ಥಕ. ಆದರೂ ಚೀಲದಲ್ಲಿ ಒಂದು ಟ್ಯೂಬು ಇರಲೇಬೇಕು, ಜೊತೆಗೆ ಹಳೆಯ ಟಯರಿನಿಂದ ಕತ್ತರಿಸಿದ ಒಂದು ತುಂಡು. ಅಡಿಕೆ ಹಾಳೆಯಾದರೂ ಆದೀತು, ಆದರೆ ಎಲ್ಲ ಕೋರೆಗಳ ಪಕ್ಕದಲ್ಲಿ ತೋಟವಿರುವುದಿಲ್ಲ.