ಗೋಡೆ ಹೊರಲಾರದ ಬೇಸಿನ್ನು

ಬೀದರ್, 17 ನವೆಂಬರ್ 2024, ಭಾನುವಾರ

ಹಳೆಯ ಮನೆಯ ಬಚ್ಚಲಿನಲ್ಲಿ ಬೇಸಿನ್ನು ಕೂಡಿಸುವ ಕೆಲಸ ಇಂದು ಒಂದು ಹಂತಕ್ಕೆ ಬಂದಿತು. ಗೋಡೆಗೆ ಬ್ರಾಕೆಟ್ ಹೊಡೆದು ತೂಗಿಸಿಬಿಟ್ಟರೆ ಅರ್ಧ ದಿನದ ಕೆಲಸವಾಗುತ್ತಿತ್ತು. ಆದರೆ ಈ ಊರಿನ ಅನೇಕ ಹಳೆಯ ಮನೆಗಳಂತೆ ನಮ್ಮದೂ ಜಂಬಿಟ್ಟಿಗೆಯ ಮನೆ. ಕೋಟೆಯ ಮೂರು ಸುತ್ತಿನ ಕಂದಕವನ್ನು ಕಡಿದಿರುವುದೂ ಇದೇ ಕೆಂಪು ಕಲ್ಲಿನಲ್ಲಿಯೇ. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವ ಈ ಕಲ್ಲು ಮೇಲಿನಿಂದ ಬರುವ ಭಾರವನ್ನು ಎಷ್ಟು ಕಾಲವಾದರೂ ಹೊರುತ್ತದೆ. ಆದರೆ ಮೈತುಂಬ ರಂಧ್ರಗಳಿರುವುದರಿಂದಲೂ ಸಂದುಗಳಲ್ಲಿ ಸುಣ್ಣದ ಗಾರೆಯಿರುವುದರಿಂದಲೂ, ಅಡ್ಡಲಾಗಿ ಹೊಡೆದ ಸ್ಕ್ರೂವಿಗೆ ಜೋತುಬಿದ್ದ ಭಾರವನ್ನು ಅದು ಬಹಳ ದಿನ ತಡೆದುಕೊಳ್ಳುವುದಿಲ್ಲ. ಭಾರ ನೆಲಕ್ಕೆ ಇಳಿಯಬೇಕು ಎಂಬುದು ನಿಶ್ಚಯವಾದ ಮೇಲೆಯೇ ಪಡಸಾಲೆಯ ಮೂಲೆಯಲ್ಲಿದ್ದ ಸಾಗವಾನಿಯ ಮೇಜು ನೆನಪಾದದ್ದು.

ಎರಡು ಡ್ರಾಯರುಗಳ ಆ ಮೇಜಿನ ಎತ್ತರ 27 ಇಂಚು. ಅದರ ಮೇಲೆ ಒಂದು ಇಂಚಿನ ಕಲ್ಲು, ಕಲ್ಲಿನ ಮೇಲೆ ಐದು ಇಂಚಿನ ಬಟ್ಟಲಿನಂತಹ ಬೇಸಿನ್ನು ಕೂತರೆ ಅಂಚು 33 ಇಂಚಿಗೆ ಬರುತ್ತದೆ. ನಿಂತು ಮುಖ ತೊಳೆಯಲು ಅದು ಸರಿಯಾದ ಎತ್ತರ. ಮೂವತ್ತು ಇಂಚಿನ ಊಟದ ಮೇಜಾಗಿದ್ದರೆ ಕಾಲು ಕತ್ತರಿಸಬೇಕಾಗುತ್ತಿತ್ತು, ಮತ್ತು ಅದಕ್ಕೆ ನಾನು ಒಪ್ಪುತ್ತಿರಲಿಲ್ಲ.

ಬಡಿಗರು ಡ್ರಾಯರುಗಳನ್ನು ಕಿತ್ತುಹಾಕಿ ಮುಂದಿನ ಹಲಗೆಯನ್ನಷ್ಟೇ ಅಂಟಿಸಿಬಿಡೋಣ ಎಂದರು. ತೆರೆಯಲಾಗದ ಡ್ರಾಯರು ನನಗೆ ಬೇಡವಾಗಿತ್ತು. ಕೊನೆಗೆ ಬಲಗಡೆಯದನ್ನು ಮುಟ್ಟದೆ, ಬೇಸಿನ್ನಿನ ಕೆಳಗೆ ಬರುವ ಎಡಗಡೆಯದರ ಹಿಂಭಾಗವನ್ನು ಮಾತ್ರ ಬಾಟಲ್ ಟ್ರ್ಯಾಪಿಗೆ ಅಡ್ಡವಾಗದಂತೆ ಕುದುರೆಲಾಳದ ಆಕಾರದಲ್ಲಿ ಕತ್ತರಿಸಲಾಯಿತು. ಮೋರಿಯ ವಾಸನೆಯನ್ನು ತಡೆಯುವುದು ಆ ಟ್ರ್ಯಾಪಿನಲ್ಲಿ ಸದಾ ನಿಲ್ಲುವ ಸ್ವಲ್ಪ ನೀರೇ ಆದ್ದರಿಂದ, ಜಾಗ ಉಳಿಸಲೆಂದು ಅದನ್ನು ಬಿಟ್ಟು ನೇರ ಪೈಪು ಹಾಕುವ ಸಲಹೆಯನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಾಗವಾನಿಯಲ್ಲಿ ತನ್ನದೇ ಎಣ್ಣೆಯಂಶವಿರುತ್ತದೆ. ಗೆದ್ದಲಿಗೂ ತೇವಕ್ಕೂ ಅದು ಸುಲಭವಾಗಿ ಬಗ್ಗದಿರಲು ಅದೂ ಒಂದು ಕಾರಣ. ಆದರೆ ಅದೇ ಎಣ್ಣೆ ಪಾಲಿಶನ್ನು ಹಿಡಿಯಗೊಡುವುದಿಲ್ಲ. ಆದ್ದರಿಂದ ಮೊದಲು ಥಿನ್ನರಿನಲ್ಲಿ ಒರೆಸಿ, ಆಮೇಲೆ ಪಾಲಿಯುರೆಥೇನನ್ನು ತೆಳುವಾಗಿ ಪದರ ಪದರವಾಗಿ ಹಚ್ಚಿದೆವು. ಮೇಲ್ಮೈ ಎಷ್ಟು ಹೊಳೆದರೂ ನೀರು ಒಳಸೇರುವುದು ಪೈಪಿಗಾಗಿ ಕೊರೆದ ರಂಧ್ರದ ಅಂಚಿನಿಂದ ಮತ್ತು ಕಾಲುಗಳ ಬುಡದಿಂದ. ಕೊಯ್ದ ಮರದ ತುದಿ ನೀರನ್ನು ಕುಡಿಯುವಷ್ಟು ಅದರ ಮೈ ಕುಡಿಯುವುದಿಲ್ಲ. ಆ ಜಾಗಗಳಿಗೆ ಹೆಚ್ಚು ಪದರ ಕೊಟ್ಟು, ಪ್ರತಿ ಕಾಲಿನ ಕೆಳಗೂ ಕಲ್ಲಿನ ಬಿಲ್ಲೆ ಇಟ್ಟಿದ್ದೇವೆ.

ಮೇಲ್ಗಲ್ಲು ಶಹಾಬಾದಿನ ಪರಸಿ. ಕಲಬುರಗಿಯ ಕಡೆಯಿಂದ ಬರುವ ಈ ಕಲ್ಲು ಅಗ್ಗವೂ ಹೌದು, ಕಣ್ಣಿಗೆ ತಂಪೂ ಹೌದು; ಆದರೆ ಅದು ಸುಣ್ಣದ ಕಲ್ಲು ಎಂಬುದನ್ನು ಮರೆಯಬಾರದು. ನಮ್ಮ ಬೋರಿನ ಗಡಸು ನೀರು ಬಿಡುವ ಬಿಳಿ ಕಲೆಯೂ ಬಹುಪಾಲು ಸುಣ್ಣವೇ ಆಗಿರುವುದರಿಂದ, ಆ ಕಲೆಯನ್ನು ಕರಗಿಸುವ ಆ್ಯಸಿಡ್ಡು ಅಡಿಯ ಕಲ್ಲನ್ನೂ ತಿನ್ನುತ್ತದೆ. ನಿಂಬೆಹಣ್ಣನ್ನು ಉಜ್ಜುವುದೂ ಬೇಡವೆಂದು ಮನೆಯವರೆಲ್ಲರಿಗೂ ಹೇಳಿದ್ದಾಗಿದೆ. ಸಾಬೂನು ನೀರು, ಆಮೇಲೆ ಒಣ ಬಟ್ಟೆ, ಅಷ್ಟೇ.

ಡ್ರಾಯರುಗಳಿಗೆ ಬಿದರಿ ಕೆಲಸದ ಹಿಡಿಗಳನ್ನು ಹಾಕಿಸಬೇಕೆಂದು ನೆಂಟರೊಬ್ಬರು ಒತ್ತಾಯಿಸಿದರು. ಸತು ಮತ್ತು ತಾಮ್ರದ ಮಿಶ್ರಲೋಹಕ್ಕೆ ಕೋಟೆಯ ಮಣ್ಣಿನಿಂದ ಬರಿಸಿದ ಆ ಕಪ್ಪು ಬಣ್ಣವನ್ನು ದಿನವೂ ಒದ್ದೆ ಕೈಯಲ್ಲಿ, ಸಾಬೂನಿನಲ್ಲಿ ತಿಕ್ಕುವುದು ಕುಶಲಕರ್ಮಿಗಳಿಗೆ ಮಾಡುವ ಅವಮಾನ ಎಂದೇ ನನ್ನ ಅಭಿಪ್ರಾಯ. ಹಳೆಯ ಹಿತ್ತಾಳೆಯ ಹಿಡಿಗಳೇ ಉಳಿದಿವೆ.

ಮೇಜಿನ ಹಿಂದಿನ ಗೋಡೆಗೆ ಹಿಂದೆ ಯಾರೋ ಬಳಿಸಿದ್ದ ಸಿಮೆಂಟನ್ನು ಕೆತ್ತಿ ತೆಗೆದು, ಸುಣ್ಣದ ಗಿಲಾವು ಮಾಡಿಸಿದ್ದೇವೆ. ಕಲ್ಲು ಹೀರಿದ ತೇವವನ್ನು ಸಿಮೆಂಟು ಹೊರಗೆ ಬಿಡದೆ ಉಬ್ಬುತ್ತಿತ್ತು; ಸುಣ್ಣ ಅದನ್ನು ಆರಲು ಬಿಡುತ್ತದೆ. ನೀರು ಸಿಡಿಯುವ ಒಂದು ಗೇಣಿನಷ್ಟು ಎತ್ತರಕ್ಕೆ ಅದೇ ಪರಸಿಯ ಪಟ್ಟಿಯನ್ನು ನಿಲ್ಲಿಸಿದ್ದು, ಕಲ್ಲುಗಳು ಕೂಡುವ ಸಂದಿಗೆ ಸಿಲಿಕೋನ್ ತುಂಬಲಾಗಿದೆ.

ಇನ್ನು ಉಳಿದಿರುವುದು ಕನ್ನಡಿ. ಅದನ್ನೂ ಈ ಗೋಡೆಯ ಮೇಲೆ ನಂಬಿ ಬಿಡಲಾಗದ್ದರಿಂದ, ಮೇಲಿನ ತೊಲೆಯಿಂದ ಸರಪಳಿಯಲ್ಲಿ ಇಳಿಬಿಡುವುದೆಂದು ಬಡಿಗರೂ ನಾನೂ ಒಪ್ಪಿಕೊಂಡಿದ್ದೇವೆ.