ನಂಬರ್ ಪ್ಲೇಟ್ ಇಲ್ಲದ ಗಾಡಿ ನಲವತ್ತರಲ್ಲಿ ಓಡಿದರೆ

ಬೆಂಗಳೂರಲ್ಲಿ ಡೆಲಿವರಿ ಹುಡುಗರು ಓಡಿಸುವ ಸಣ್ಣ ಎಲೆಕ್ಟ್ರಿಕ್ ಸ್ಕೂಟರ್‌ಗಳಲ್ಲಿ ಎಷ್ಟಕ್ಕೋ ನಂಬರ್ ಪ್ಲೇಟೇ ಇರುವುದಿಲ್ಲ, ನೋಡಿದ್ದೀರಲ್ವಾ? ಪ್ಲೇಟ್ ಇಲ್ಲ ಅನ್ನೋದೊಂದೇ ಕಾರಣಕ್ಕೆ ಅದು ತಪ್ಪಾಗಲ್ಲ. ಮೋಟಾರ್ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆಜಿ ಮೀರದೆ ಇದ್ದರೆ, ಕೇಂದ್ರದ ನಿಯಮದ ಪ್ರಕಾರ ಅದು ಮೋಟಾರ್ ವಾಹನವೇ ಅಲ್ಲ. ಡಿಎಲ್ ಬೇಡ, ರಿಜಿಸ್ಟ್ರೇಷನ್ ಬೇಡ, ಇನ್ಶೂರೆನ್ಸೂ ಬೇಡ.

ತೊಂದರೆ ಶುರುವಾಗುವುದು ಗ್ಯಾರೇಜಿನಲ್ಲಿ. ಕೆಲವು ಗಾಡಿಗಳ ಕಂಟ್ರೋಲರ್‌ನಲ್ಲಿ, ಅಂದರೆ ಮೋಟಾರನ್ನು ನಿಯಂತ್ರಿಸುವ ಪೆಟ್ಟಿಗೆಯಲ್ಲಿ, ವೇಗ ತಡೆಯುವುದು ಒಂದೇ ಒಂದು ವೈರು, ಅದನ್ನು ಬಿಚ್ಚಿದರೆ ಮುಗೀತು. ಟೈರು ಅದೇ, ಬ್ರೇಕು ಅದೇ, ಸ್ಪೀಡ್ ಮಾತ್ರ ನಲವತ್ತು! ತಲೆಗೆ ಹೆಲ್ಮೆಟ್ ಇಲ್ಲ, ಒನ್‌ವೇನಲ್ಲಿ ಎದುರಿಂದ ಬರ್ತಾರೆ, ಜೊತೆಗೆ ಗಾಡಿಗೆ ಸದ್ದೇ ಇಲ್ಲ, ರಸ್ತೆ ದಾಟೋ ವಯಸ್ಸಾದವರಿಗೆ ಗೊತ್ತಾಗುವುದು ಮೈಮೇಲೆ ಬಂದಾಗಲೇ. ಗುದ್ದಿದವರನ್ನು ಹುಡುಕೋಣ ಅಂದರೆ ನಂಬರಿಲ್ಲ, ಪರಿಹಾರ ಕೇಳೋಣ ಅಂದರೆ ಇನ್ಶೂರೆನ್ಸ್ ಇಲ್ಲ.

ಇದಕ್ಕೆ ಸುಮ್ನೆ ಡೆಲಿವರಿ ಹುಡುಗರನ್ನು ಬೈಯುವುದು ನನಗೆ ಸರಿ ಕಾಣಲ್ಲ. ಜಾಸ್ತಿ ಆರ್ಡರ್ ಮುಟ್ಟಿಸಿದರಷ್ಟೇ ಅವರಿಗೆ ಜಾಸ್ತಿ ದುಡ್ಡು. ಹಿಡಿಯಬೇಕಾದ್ದು ವೈರ್ ಬಿಚ್ಚಿ ಕೊಡುವ ಅಂಗಡಿಯವರನ್ನು.

2022ರಲ್ಲಿ ಸ್ಕೂಟರ್‌ಗಳಿಗೆ ಸಾಲುಸಾಲಾಗಿ ಬೆಂಕಿ ಹತ್ತಿದಾಗ ಸರ್ಕಾರ ಎಐಎಸ್ 156 ಅನ್ನೋ ಬ್ಯಾಟರಿ ನಿಯಮವನ್ನು ಬಿಗಿ ಮಾಡಿತು. ಈ ಸಣ್ಣ ಗಾಡಿಗಳ ವಿಷಯದಲ್ಲೂ ಅಷ್ಟೇ ಗಟ್ಟಿಯಾಗಿ ನಿಲ್ಲಲಿ: ವೇಗದ ಲಾಕ್ ಬಿಚ್ಚೋಕೇ ಆಗದಂತೆ ಮಾಡಲಿ, ನಿಧಾನದ ಗಾಡಿಗೂ ಹೆಲ್ಮೆಟ್ ಮತ್ತು ಒಂದು ಗುರುತಿನ ನಂಬರ್ ಕಡ್ಡಾಯ ಮಾಡಲಿ.